ಗೆಡ್ಡೆಯ ಪಂಚಾಂಗ

ಚಳಿದೇಶಗಳಲ್ಲಿ ಮನೆಯ ಮುಂದೆ ಒಂದಿಷ್ಟು ಕೈತೋಟವನ್ನುಳ್ಳ ಗೃಹಸ್ಥರು, ಸೆಪ್ಟೆಂಬರ್ ತಿಂಗಳು ಕಾಲಿಟ್ಟೊಡನೆಯೇ ಅಂಗಡಿಗಳಿಂದ ಟ್ಯೂಲಿಪ್, ಡ್ಯಾಫೊಡಿಲ್, ಹಯಸಿಂತ್, ಕ್ರೋಕಸ್ ಮೊದಲಾದ ಹೂಗಿಡಗಳ ಗೆಡ್ಡೆಗಳನ್ನು ಕೊಂಡುತಂದು, ಮರಗಳೆಲ್ಲ ಎಲೆಯುದುರಿಸಿ ಬೋಳಾಗುತ್ತಿರುವ ಆ ಹೊತ್ತಿನಲ್ಲಿ, ಆರು ತಿಂಗಳಾಚೆಯ ವಸಂತವನ್ನು ನೆಚ್ಚಿ ಅವನ್ನು ಮಣ್ಣಿನಲ್ಲಿ ಹೂಳುವರು. ಬಿತ್ತಿದ ಹೆಸರುಕಾಳು ಮೂರನೆಯ ದಿನಕ್ಕೆ ಮೊಳೆಯುವುದನ್ನು ಕಂಡು ಬೆಳೆದ ನಮ್ಮವರಿಗೆ ಈ ದೀರ್ಘಪ್ರತೀಕ್ಷೆ ವಿಚಿತ್ರವಾಗಿ ತೋರಿದರೆ ಆಶ್ಚರ್ಯವಿಲ್ಲ. ಗೆಡ್ಡೆಯ ಪೊಟ್ಟಣದ ಮೇಲೆ ಅಚ್ಚಾಗಿರುವ ಸೂಚನೆಗಳಾದರೋ ತೀರ ಸಂಕ್ಷಿಪ್ತವಾದುವು: ಚೂಪು ತುದಿ ಮೇಲಿರಲಿ, ಗೆಡ್ಡೆಯ ಎತ್ತರದ ಮೂರು ಮಡಿ ಆಳದಲ್ಲಿ ಇಳಿಸಿ, ನೀರು ನಿಲ್ಲುವ ಜಾಗ ಬೇಡ, ಚಳಿ ಹಿಡಿಯುವ ಮೊದಲೇ ನೆಡಿ. ಈ ಸೂಚನೆಗಳನ್ನು ಮೊದಲು ಬರೆದಿಟ್ಟದ್ದು ಮಧ್ಯ ಏಷ್ಯದ ಬೆಟ್ಟಗಳು. ಯುರೋಪಿನ ಮನುಷ್ಯನಿಗೆ ಅವನ್ನು ಓದಿ ಅರ್ಥಮಾಡಿಕೊಳ್ಳುವುದಕ್ಕೆ ಮೂರೂವರೆ ಶತಮಾನಗಳಿಗೂ ಹೆಚ್ಚಿನ ಕಾಲ ಹಿಡಿಯಿತು.

ಟ್ಯೂಲಿಪ್ ಹಾಲೆಂಡಿನ ಹೂವೆಂದೇ ಲೋಕದ ರೂಢಿ. ಆದರೆ ಅದರ ಕುಲದ ತವರು ತಿಯೆನ್ ಶಾನ್ ಮತ್ತು ಪಾಮೀರ್ ಪರ್ವತಗಳ ಇಳಿಜಾರು. ಅಲ್ಲಿ ಚಳಿಗಾಲವೆಲ್ಲ ನೆಲವು ಹಿಮದಡಿಯಲ್ಲಿರುವುದು. ಬೇಸಗೆಯಲ್ಲಿ ಹಸಿರೆಂಬುದು ಉಳಿಯದಂತೆ ಬಿಸಿಲು ಸುಡುವುದು. ಇವೆರಡರ ನಡುವೆ ಹಿಮ ಕರಗಿ ಮಣ್ಣು ನೆನೆದಿರುವ ಕೆಲವೇ ವಾರಗಳ ಅವಧಿಯಲ್ಲಿ ಸಸ್ಯವಾದದ್ದು ಚಿಗುರಿ, ಹೂತು, ಬೀಜಕಟ್ಟಿ ಮುಗಿಸಬೇಕು. ಇಂಥ ಅವಸರದ ಬಾಳಿಗೆ ಸಿದ್ಧವಾಗಿ ಕಟ್ಟಿಟ್ಟ ಬುತ್ತಿಯೇ ಗೆಡ್ಡೆ. ಹಿಂದಿನ ವಸಂತದಲ್ಲಿ ಎಲೆಗಳು ಗಳಿಸಿದ ಆಹಾರವನ್ನು ದಪ್ಪನೆಯ ಪದರಗಳಲ್ಲಿ ತುಂಬಿಕೊಂಡು, ಬೇಸಗೆಯ ಉರಿಯಲ್ಲಿ ಸತ್ತಂತೆ ಬಿದ್ದಿರುವಾಗಲೇ ಮುಂದಿನ ವರ್ಷದ ಹೂವನ್ನು ತನ್ನ ಗರ್ಭದಲ್ಲಿ ಸಂಪೂರ್ಣವಾಗಿ ರಚಿಸಿಕೊಂಡು, ಶರತ್ಕಾಲದ ಮೊದಲ ತೇವಕ್ಕೆ ಬೇರಿಳಿಸಿ, ಅದು ಹಿಮದ ಅಡಿಯಲ್ಲಿ ಕಾಯುತ್ತಿರುವುದು. ಬೀಜದಿಂದ ಹುಟ್ಟಿದ ಎಳೆಯ ಟ್ಯೂಲಿಪ್ಪಾದರೋ, ವರ್ಷವರ್ಷವೂ ತನ್ನ ಹೊಸ ಗೆಡ್ಡೆಯನ್ನು ಹಿಂದಿನದಕ್ಕಿಂತ ಕೆಳಗೆ ಕಟ್ಟುತ್ತ, ಬಿಸಿಲಿನ ಕಾವೂ ಇಲಿಯ ಹಲ್ಲೂ ಸುಲಭವಾಗಿ ಮುಟ್ಟಲಾರದ ಆಳವನ್ನು ತಾನೇ ಹುಡುಕಿಕೊಂಡು ಇಳಿಯುವುದು. ಐದಾರು ವರ್ಷಗಳ ಈ ಪಾತಾಳಯಾತ್ರೆಯ ತರುವಾಯ ಅದು ಮೊದಲ ಬಾರಿಗೆ ಹೂಬಿಡುವುದು. ಮೂರು ಮಡಿ ಆಳವೆಂಬ ಪೊಟ್ಟಣದ ಮಾತಿಗೆ ಇದಕ್ಕಿಂತ ದೊಡ್ಡ ಪ್ರಮಾಣ ಬೇಕಿಲ್ಲ.

ಈ ಕಾಡುಹೂವಿಗೆ ಮೊದಲು ಮನಸೋತವರು ಪರ್ವತಗಳ ಸುತ್ತಣ ಅರಸರೇ. ಬಾಬರನು ತನ್ನ ಆತ್ಮಕಥೆಯಲ್ಲಿ, ಕಾಬೂಲಿನ ಬೆಟ್ಟದ ತಪ್ಪಲುಗಳಲ್ಲಿ ಅರಳಿದ ಟ್ಯೂಲಿಪ್‌ಗಳನ್ನು ಎಣಿಸಿಸಿದಾಗ ಮೂವತ್ತೆರಡೋ ಮೂವತ್ತಮೂರೋ ಬಗೆಗಳು ಸಿಕ್ಕಿದುವೆಂದು ಹೇಳಿಕೊಂಡಿದ್ದಾನೆ. ದಂಡಯಾತ್ರೆಗಳ ನಡುವೆ ಹೂವೆಣಿಸುವ ವ್ಯವಧಾನವುಳ್ಳ ದಂಡನಾಯಕರು ಲೋಕದಲ್ಲಿ ವಿರಳ. ಅವನ ಮರಿಮಗನಾದ ಜಹಾಂಗೀರನ ಆಸ್ಥಾನದ ಚಿತ್ರಕಾರ ಉಸ್ತಾದ್ ಮನ್ಸೂರನು ಕಾಶ್ಮೀರದಲ್ಲಿ ಬರೆದ ಕೆಂಪು ಟ್ಯೂಲಿಪ್‌ನ ಚಿತ್ರ ಇಂದಿಗೂ ಉಳಿದಿದೆ. ಆದರೆ ಕಾಡುಹೂವನ್ನು ತೋಟದ ಹೂವಾಗಿ ತಿದ್ದಿದ ಕೀರ್ತಿ ವಿಶೇಷವಾಗಿ ಸಲ್ಲತಕ್ಕದ್ದು ತುರ್ಕರಿಗೆ. ಇಸ್ತಾಂಬುಲ್ಲಿನ ರಸಿಕರು ಮೆಚ್ಚಿದ ಟ್ಯೂಲಿಪ್ ಇಂದಿನ ಬಟ್ಟಲಿನಾಕಾರದ್ದಲ್ಲ. ಕಠಾರಿಯಂತೆ ನೀಳವಾಗಿ, ಸೂಜಿಮೊನೆಯ ಎಸಳುಗಳುಳ್ಳದ್ದು. ಹೊಸ ತಳಿಗಳನ್ನು ಪರೀಕ್ಷಿಸಿ ಯೋಗ್ಯವಾದುವಕ್ಕೆ ಹೆಸರು ಕೊಡುವ ಪಂಡಿತಮಂಡಲಿಯೂ, ವರ್ತಕರ ದುರಾಶೆಗೆ ಕಡಿವಾಣವಾಗಿ ಸರ್ಕಾರವೇ ಪ್ರಕಟಿಸುವ ಬೆಲೆಪಟ್ಟಿಯೂ ಅಲ್ಲಿ ಇದ್ದುವು. ಸುಲ್ತಾನ ಮೂರನೆಯ ಅಹ್ಮದನ ಆಳ್ವಿಕೆಯಲ್ಲಿ 1718ರಿಂದ 1730ರ ವರೆಗಿನ ಕಾಲವನ್ನು ಮುಂದಿನ ಇತಿಹಾಸಕಾರರು ಟ್ಯೂಲಿಪ್ ಯುಗವೆಂದೇ ಕರೆದರು. ಪತ್ರೋನಾ ಹಲೀಲನ ದಂಗೆಯಲ್ಲಿ ಆ ಯುಗವು ಕೊನೆಗಂಡಿತು. ಸುಲ್ತಾನನು ಪಟ್ಟವನ್ನೂ ವಜೀರನು ಪ್ರಾಣವನ್ನೂ ಕಳೆದುಕೊಂಡರು.

ಅಷ್ಟರಲ್ಲಿ ಗೆಡ್ಡೆಗಳು ಪಶ್ಚಿಮಕ್ಕೆ ಸಾಗಿ ಬಹುಕಾಲವಾಗಿತ್ತು. ತುರ್ಕಿಯ ಸುಲ್ತಾನ ಸುಲೇಮಾನನ ಆಸ್ಥಾನಕ್ಕೆ ರಾಯಭಾರಿಯಾಗಿ ಹೋದ ಬೂಸ್ಬೆಕ್ ಎಂಬವನೇ ಅವನ್ನು ಯುರೋಪಿಗೆ ಕಳುಹಿಸಿದನೆಂಬುದು ಪ್ರಚಲಿತವಾದ ಕಥೆ. ಅವನೊಬ್ಬನಿಗೇ ಆ ಯಶಸ್ಸನ್ನು ಕಟ್ಟುವುದು ನನಗೆ ಸರಿತೋರದು. ಏಕೆಂದರೆ 1559ರಷ್ಟು ಹಿಂದೆಯೇ ಔಗ್ಸ್‌ಬುರ್ಗ್ ನಗರದ ಒಂದು ತೋಟದಲ್ಲಿ ಕೆಂಪು ಟ್ಯೂಲಿಪ್ ಅರಳಿದ್ದನ್ನು ಕೊನ್ರಾಡ್ ಗೆಸ್ನರ್ ಎಂಬ ವಿದ್ವಾಂಸನು ಕಂಡು ವರ್ಣಿಸಿದ್ದಾನೆ. ಇದಕ್ಕಿಂತ ರುಚಿಕರವಾದದ್ದು ಆಂಟ್‌ವರ್ಪ್ ಬಂದರಿನ ವರ್ತಕನೊಬ್ಬನ ಪ್ರಸಂಗ. 1562ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಿಂದ ಬಂದ ಬಟ್ಟೆಯ ಹೊರೆಗಳೊಡನೆ ಗೆಡ್ಡೆಗಳೂ ಬಂದಿಳಿಯಲು, ಅವು ತುರ್ಕಿಯ ಈರುಳ್ಳಿಗಳಿರಬೇಕೆಂದು ಬಗೆದು ಆತನು ಕೆಲವನ್ನು ಕೆಂಡದಲ್ಲಿ ಸುಟ್ಟು ಎಣ್ಣೆ ವಿನಿಗರ್ ಬೆರಸಿ ತಿಂದನಂತೆ. ಮಿಕ್ಕವನ್ನು ಕೋಸಿನ ಪಾತಿಯ ನಡುವೆ ಹೂಳಿ ಮರೆತನಂತೆ. ಸಸ್ಯಪ್ರೇಮಿಯಾದ ಮತ್ತೊಬ್ಬ ವರ್ತಕನು ಅವುಗಳಲ್ಲಿ ಅಳಿದುಳಿದುವನ್ನು ಕಾಪಾಡದೆ ಹೋಗಿದ್ದರೆ ಈ ಕಥೆಯೇ ನಮಗೆ ತಿಳಿಯುತ್ತಿರಲಿಲ್ಲ.

ಕಥೆಯನ್ನು ಬರೆದಿಟ್ಟವನು ಕರೋಲಸ್ ಕ್ಲೂಸಿಯಸ್. ವಿಯೆನ್ನಾದಲ್ಲಿ ಚಕ್ರವರ್ತಿಯ ತೋಟವನ್ನು ನೋಡಿಕೊಂಡಿದ್ದ ಈ ವೃದ್ಧ ಸಸ್ಯಶಾಸ್ತ್ರಜ್ಞನು 1593ರಲ್ಲಿ ಹಾಲೆಂಡಿನ ಲೈಡನ್ ವಿಶ್ವವಿದ್ಯಾಲಯಕ್ಕೆ ಬಂದಾಗ ತನ್ನ ಗೆಡ್ಡೆಗಳನ್ನೂ ಜೊತೆಗೆ ತಂದನು. ಮರುವಸಂತದಲ್ಲಿ ಅವು ಅಲ್ಲಿ ಅರಳಿದುವು. ಕೊಳ್ಳಲು ಬಂದವರಿಗೆ ಆತನು ಸುಲಭವಾಗಿ ಕೊಡಲಿಲ್ಲ, ಕೊಡದಿದ್ದುದರಿಂದ ಕಳವಾದುವು. ವಿದ್ಯೆಯ ತೋಟದಿಂದ ಹೂವು ವ್ಯಾಪಾರದ ಬೀದಿಗಿಳಿದದ್ದು ಹೀಗೆ ಕಳ್ಳರ ಕೈಯಿಂದಲೂ ಸ್ವಲ್ಪಮಟ್ಟಿಗೆ ಎಂಬುದು ಗಮನಾರ್ಹ.

ಇನ್ನು 1630ರ ದಶಕದಲ್ಲಿ ಹಾಲೆಂಡಿನಲ್ಲಿ ಟ್ಯೂಲಿಪ್ ಗೆಡ್ಡೆಗಳ ಬೆಲೆ ಹುಚ್ಚೆದ್ದು ಏರಿದ ಆ ಪ್ರಸಿದ್ಧ ಉನ್ಮಾದದ ವಿಷಯ. ಅರ್ಥಶಾಸ್ತ್ರದವರು ಲೋಭದ ದೃಷ್ಟಾಂತವಾಗಿ ಅದನ್ನು ಎಷ್ಟು ಬಾರಿ ಹೇಳಿದ್ದಾರೆಂದರೆ, ಅದರಲ್ಲಿ ಗೆಡ್ಡೆಯ ಪಾತ್ರವೇನೆಂಬುದನ್ನು ಕೇಳುವವರೇ ಇಲ್ಲದಂತಾಗಿದೆ. ಟ್ಯೂಲಿಪ್ ಗೆಡ್ಡೆಯನ್ನು ನೆಲದಿಂದ ಎತ್ತಿ ಕೈಯಿಂದ ಕೈಗೆ ಕೊಡಬಹುದಾದದ್ದು ಜೂನ್ ತಿಂಗಳಿನಿಂದ ಸೆಪ್ಟೆಂಬರ್ ಪರ್ಯಂತ ಮಾತ್ರ. ಉಳಿದ ಕಾಲವೆಲ್ಲ ಅದು ಮಣ್ಣಿನೊಳಗಿನ ಸೊತ್ತು. ಆದುದರಿಂದ ಚಳಿಗಾಲದಲ್ಲಿ ವ್ಯಾಪಾರ ನಡೆಯಬೇಕಾದರೆ ಕಾಗದದ ಮೇಲೆಯೇ ನಡೆಯಬೇಕು. ಹಾರ್ಲೆಮ್ ಮುಂತಾದ ಪಟ್ಟಣಗಳ ಪಾನಗೃಹಗಳಲ್ಲಿ ಸೇರಿದವರು, ತಾವು ಕಾಣದ ಗೆಡ್ಡೆಯನ್ನು, ತಮ್ಮಲ್ಲಿಲ್ಲದ ಹಣಕ್ಕೆ, ಬರುವ ಬೇಸಗೆಯಲ್ಲಿ ಕೊಳ್ಳುವುದಾಗಿ ಬರೆದುಕೊಟ್ಟು, ಆ ಕರಾರನ್ನೇ ಮತ್ತೊಬ್ಬನಿಗೆ ಲಾಭಕ್ಕೆ ಮಾರುತ್ತಿದ್ದರು. ಡಚ್ಚರೇ ಇದನ್ನು ಗಾಳಿಯ ವ್ಯಾಪಾರವೆಂದು ಹಾಸ್ಯಮಾಡಿದರು. ನೆಟ್ಟಾಗಿನ ತೂಕವನ್ನು ಅಕ್ಕಸಾಲಿಗನ ತಕ್ಕಡಿಗೆ ಒಪ್ಪುವಷ್ಟು ಸೂಕ್ಷ್ಮವಾದ ಮಾನದಲ್ಲಿ ಗುರುತಿಸಿಡುತ್ತಿದ್ದುದರಿಂದ, ಗೆಡ್ಡೆ ಮಣ್ಣಿನಲ್ಲಿ ಬೆಳೆದಷ್ಟೂ ಬೆಲೆ ಬೆಳೆಯುವುದೆಂಬ ಆಶೆಗೆ ಒಂದು ಆಧಾರವೂ ಇತ್ತು. 1637ರ ಫೆಬ್ರುವರಿ 5ರಂದು ಆಲ್ಕ್‌ಮಾರ್‌ನಲ್ಲಿ, ತಂದೆಯನ್ನು ಕಳೆದುಕೊಂಡ ಮಕ್ಕಳ ಪರವಾಗಿ ನಡೆದ ಒಂದೇ ಹರಾಜಿನಲ್ಲಿ ಸುಮಾರು 90,000 ಗಿಲ್ಡರ್‌ಗಳ ಬೆಲೆ ಕೂಗಲ್ಪಟ್ಟಿತು. ಅದೇ ವಾರ ಹಾರ್ಲೆಮ್‌ನಲ್ಲಿ ಕೊಳ್ಳುವವರು ಹಿಂದೆಗೆದರು, ಮಾರುಕಟ್ಟೆ ಕುಸಿಯಿತು. ದೇಶವೇ ದಿವಾಳಿಯಾಯಿತೆಂಬ ವರ್ಣನೆ ಮಾತ್ರ ಅತಿಶಯೋಕ್ತಿ. ಕಡತಗಳನ್ನು ಶೋಧಿಸಿ 2007ರಲ್ಲಿ ಪುಸ್ತಕ ಬರೆದ ಆ್ಯನ್ ಗೋಲ್ಡ್‌ಗಾರ್ ಅವರು, ಹಾನಿಯು ಒಂದು ಸಣ್ಣ ವಲಯದ ವರ್ತಕರಲ್ಲಿಯೂ ಕುಶಲಕರ್ಮಿಗಳಲ್ಲಿಯೂ ಉಳಿಯಿತೆಂದು ತೋರಿಸಿದ್ದಾರೆ. ಗೆಡ್ಡೆಗಳಾದರೋ ಈ ಕೋಲಾಹಲದ ಕಾಲದಲ್ಲೆಲ್ಲ ಮಣ್ಣಿನಡಿಯಲ್ಲಿ ತಮ್ಮ ಚಳಿಯನ್ನು ಉಣ್ಣುತ್ತಿದ್ದುವು.

ಅಂದು ಜನರನ್ನು ಮರುಳುಮಾಡಿದ ಹೂವುಗಳು ಬಿಳಿಯ ಮೇಲೆ ಕೆಂಪೋ ನೇರಳೆಯೋ ಜ್ವಾಲೆಗಳಂತೆ ಹರಡಿದ ಗೆರೆಗಳುಳ್ಳುವು. ಒಂದು ವರ್ಷ ಏಕವರ್ಣದ ಹೂ ಕೊಟ್ಟ ಗೆಡ್ಡೆ ಮರುವರ್ಷ ಚಿತ್ರವರ್ಣದ್ದಾಗುವುದೇಕೆಂಬುದು ಯಾರಿಗೂ ತಿಳಿಯದೆ, ಬೇರೆಬೇರೆ ಬಣ್ಣದ ಎರಡು ಗೆಡ್ಡೆಗಳನ್ನು ಸೀಳಿ ಕಟ್ಟುವುದು ಮೊದಲಾದ ಉಪಾಯಗಳೆಲ್ಲ ನಡೆದುವು. ರಹಸ್ಯವನ್ನು 1928ರಲ್ಲಿ ಬಿಡಿಸಿದವರು ಇಂಗ್ಲೆಂಡಿನ ಜಾನ್ ಇನ್ನೆಸ್ ಸಂಸ್ಥೆಯಲ್ಲಿದ್ದ ಡೊರೊಥಿ ಕೇಲಿ: ಅದು ಗೆಡ್ಡೆಯಿಂದ ಗೆಡ್ಡೆಗೆ ಅಂಟುವ ರೋಗ. ಅದು ಹರಡುವುದು ಗಿಡಹೇನುಗಳಿಂದ. ಅರಸರ ಬೆಲೆಯ ಆ ಸೌಂದರ್ಯವು ವೈರಸ್ಸಿನ ಲೇಖನಿಯದಾಗಿತ್ತು; ರೋಗಪೀಡಿತವಾದ ಗೆಡ್ಡೆ ತಲೆಮಾರಿನಿಂದ ತಲೆಮಾರಿಗೆ ಕ್ಷೀಣಿಸುತ್ತಿದ್ದುದರಿಂದಲೇ ಆ ತಳಿಗಳಲ್ಲಿ ಬಹುಪಾಲು ನಶಿಸಿಹೋದುವು. ಇಂದು ಅಂಗಡಿಯಲ್ಲಿ ದೊರೆಯುವ ಗೆರೆಯ ಟ್ಯೂಲಿಪ್‌ಗಳು ಆರೋಗ್ಯವಂತ ತಳಿಗಳು. ಅವುಗಳ ಗೆರೆ ಹುಟ್ಟಿನಿಂದ ಬಂದದ್ದು. ಕೊಳ್ಳುವವನು ನೋಡತಕ್ಕ ಲಕ್ಷಣಗಳು ಹಳೆಯ ವರ್ತಕನದೇ: ಗಾತ್ರಕ್ಕೆ ತಕ್ಕ ತೂಕ, ಒತ್ತಿದರೆ ಕುಗ್ಗದ ಗಟ್ಟಿತನ, ಬೂಷ್ಟಿಲ್ಲದ ಬುಡ. ಸುತ್ತಳತೆ 12 ಸೆಂಟಿಮೀಟರ್ ಮೀರಿದ ಟ್ಯೂಲಿಪ್ ಗೆಡ್ಡೆಯನ್ನು ಉತ್ತಮವೆಂದು ಎಣಿಸುವರು. ಹೊರಗಣ ಕಂದು ಸಿಪ್ಪೆ ಸುಲಿದಿದ್ದರೆ ಅದೇನೂ ದೋಷವಲ್ಲ.

ಇಷ್ಟು ದೂರದ ಹೂವು ಹಾಲೆಂಡಿನಂಥ ಜೌಗುನಾಡಿನಲ್ಲಿ ನೆಲೆಸಿದ್ದು ಹೇಗೆಂಬ ಪ್ರಶ್ನೆ ಸಹಜ. ಕೆಸರೆಂಬುದು ಗೆಡ್ಡೆಗೆ ಯಮ. ಉತ್ತರವಿರುವುದು ಹಾರ್ಲೆಮ್‌ಗೂ ಲೈಡನ್‌ಗೂ ನಡುವೆ, ಕಡಲದಂಡೆಯ ದಿಬ್ಬಗಳ ಹಿಂದಣ ಸುಣ್ಣಮಿಶ್ರಿತ ಮರಳಿನಲ್ಲಿ. ಮರಳು ನೀರನ್ನು ಬಸಿಯಬಿಡುವುದು. ಕಾಲುವೆಗಳು ಅಂತರ್ಜಲವನ್ನು ನೆಲದಿಂದ ಸುಮಾರು ಎರಡಡಿಯ ಕೆಳಗೆ ತಡೆದು ನಿಲ್ಲಿಸುವುವು. ಹತ್ತೊಂಬತ್ತನೆಯ ಶತಮಾನದಲ್ಲಿ ಡಚ್ಚರು ಮರಳುದಿಬ್ಬಗಳನ್ನೇ ಅಗೆದು, ಆ ಮರಳನ್ನು ಬೆಳೆಯುತ್ತಿದ್ದ ನಗರಗಳಿಗೆ ಮಾರಿ, ಸಮತಟ್ಟಾದ ನೆಲವನ್ನು ಹೂವಿನ ಹೊಲ ಮಾಡಿದರು. ಜಿಗುಟುಮಣ್ಣಿನ ತೋಟದವರು ಗುಂಡಿಯ ತಳಕ್ಕೆ ಮರಳು ಗರಸು ಹಾಕುವುದು ಇದರದೇ ಚಿಕ್ಕ ಅನುಕರಣೆ. ಲಿಸ್ಸೆಯ ಬಳಿಯ ಕ್ಯೂಕೆನ್‌ಹಾಫ್ ಉದ್ಯಾನವು 1950ರಲ್ಲಿ ತೆರೆಯಿತು. ಈಗ ಪ್ರತಿವರ್ಷ ಅಲ್ಲಿ ಸುಮಾರು 70 ಲಕ್ಷ ಗೆಡ್ಡೆಗಳನ್ನು ನೆಡುವರು. ಉದ್ಯಾನವು ತೆರೆಯುವುದಕ್ಕೆ ಐದಾರು ವರ್ಷಗಳ ಹಿಂದಷ್ಟೇ, 1944–45ರ ಕ್ಷಾಮದ ಚಳಿಗಾಲದಲ್ಲಿ, ಅದೇ ದೇಶದ ಜನ ಟ್ಯೂಲಿಪ್ ಗೆಡ್ಡೆಗಳನ್ನು ಬೇಯಿಸಿ ತಿಂದು ಜೀವ ಹಿಡಿದಿದ್ದರು.

ಚಳಿಯೇಕೆ ಬೇಕೆಂಬುದಕ್ಕೆ ಶಾಸ್ತ್ರೀಯವಾದ ವಿವರಣೆ ದೊರೆತದ್ದು 1920ರ ಸುಮಾರಿನಿಂದ ಮೊದಲುಗೊಂಡು, ವಾಗೆನಿಂಗನ್‌ನಲ್ಲಿ ಪ್ರೊಫೆಸರ್ ಬ್ಲಾವ್ ಅವರೂ ಅವರ ಸಂಗಡಿಗರೂ ಗೆಡ್ಡೆಗಳನ್ನು ತಿಂಗಳುತಿಂಗಳೂ ಸೀಳಿ ನೋಡಿದ ಫಲವಾಗಿ. ಬೇಸಗೆಯ ಹಿತವಾದ ಬೆಚ್ಚಗೆಯಲ್ಲಿ ಹೂವು ಒಳಗೆ ರೂಪುಗೊಳ್ಳುವುದು. ಆದರೆ ಹನ್ನೆರಡರಿಂದ ಹದಿನಾರು ವಾರಗಳ ಶೈತ್ಯ ಒದಗದ ಹೊರತು ಅದರ ದಂಟು ನೀಳವಾಗಿ ಮೇಲೇಳದು. ಈ ಜ್ಞಾನದಿಂದ, ಗೆಡ್ಡೆಯ ಬೇಸಗೆಯನ್ನೂ ಚಳಿಯನ್ನೂ ಕೋಣೆಯೊಳಗೆ ಕೃತಕವಾಗಿ ಸೃಷ್ಟಿಸಿ ಕ್ರಿಸ್‌ಮಸ್ ಹಬ್ಬಕ್ಕೆ ಸರಿಯಾಗಿ ಹಯಸಿಂತ್ ಅರಳಿಸುವ ಕೌಶಲವು ದೊಡ್ಡ ಉದ್ಯಮವಾಗಿ ಬೆಳೆಯಿತು.

ಲಂಡನ್ನಿನಲ್ಲೋ ಟೊರಾಂಟೊದಲ್ಲೋ ಮನೆಮಾಡಿರುವ ಕನ್ನಡಿಗರು ಗಮನಿಸಬೇಕಾದ ಭೇದವೊಂದುಂಟು. ಡ್ಯಾಫೊಡಿಲ್ ಬೇಗ ಬೇರುಬಿಡುವ ಜಾತಿಯಾದುದರಿಂದ ಸೆಪ್ಟೆಂಬರಿನಲ್ಲಿಯೇ ನೆಲ ಸೇರಬೇಕು. ಟ್ಯೂಲಿಪ್‌ಗೆ ಅವಸರವಿಲ್ಲ, ಇಂಗ್ಲೆಂಡಿನಂಥ ಹವೆಯಲ್ಲಿ ನವೆಂಬರಿನ ತಣ್ಣನೆಯ ಮಣ್ಣಿಗಿಳಿಸಿದರೆ ಎಲೆ ಸುಟ್ಟಂತೆ ಮಾಡುವ ಶಿಲೀಂಧ್ರದ ಕಾಟವೂ ತಗ್ಗುವುದು. ಅಳಿಲುಗಳ ಉಪದ್ರವವಿರುವ ತೋಟಕ್ಕೆ, ತನ್ನ ವಿಷವೇ ತನಗೆ ಕಾವಲಾಗಿರುವ ಡ್ಯಾಫೊಡಿಲ್ ಮೇಲು. ಹೂ ಬಾಡಿದ ಮೇಲೆ ಎಲೆಗಳನ್ನು ಅಂದಗೆಟ್ಟುವೆಂದು ಕೊಯ್ಯುವುದು ಮುಂದಿನ ವರ್ಷದ ಹೂವನ್ನೇ ಕೊಯ್ದಂತೆ; ಅವು ತಾವಾಗಿ ಹಳದಿಯಾಗಿ ಒರಗುವ ತನಕ ಬಿಡತಕ್ಕದ್ದು.

ನಮ್ಮ ನಾಡಿನ ಗೆಡ್ಡೆಗಳ ಪಂಚಾಂಗವೇ ಬೇರೆ. ಗೌರಿಹೂವಿನ ಗೆಡ್ಡೆ ಮಲಗುವುದು ಬೇಸಗೆಯ ಬರದಲ್ಲಿ. ಅದನ್ನು ಎಬ್ಬಿಸುವುದು ಮುಂಗಾರಿನ ಮಳೆ. ಚಳಿಯ ಗೊಡವೆಯೇ ಅದಕ್ಕಿಲ್ಲ. ಟ್ಯೂಲಿಪ್ ನಮ್ಮ ದೇಶದಲ್ಲಿ ಹೊಲಹೊಲವಾಗಿ ಅರಳುವುದನ್ನು ಕಾಣಬೇಕೆಂದರೆ, 2007ರಲ್ಲಿ ತೆರೆದ ಶ್ರೀನಗರದ ಉದ್ಯಾನಕ್ಕೇ ಹೋಗಬೇಕು. ಬೆಂಗಳೂರಿನಲ್ಲಿ ಹಟಹಿಡಿದು ಬೆಳೆಸುವವರು ಗೆಡ್ಡೆಯನ್ನು ಮೂರು ತಿಂಗಳಿಗೆ ಕಡಮೆಯಿಲ್ಲದಂತೆ ಫ್ರಿಜ್ಜಿನಲ್ಲಿಟ್ಟು, ಜನವರಿಯ ಆಸುಪಾಸಿನಲ್ಲಿ ಕುಂಡಕ್ಕಿಳಿಸುವರು. ಸೇಬು ಮೊದಲಾದ ಹಣ್ಣುಗಳು ಬಿಡುವ ಎಥಿಲೀನ್ ಅನಿಲವು ಒಳಗಿನ ಮೊಗ್ಗನ್ನು ಕೊಲ್ಲುವುದರಿಂದ ಅವೆರಡನ್ನೂ ಒಂದೆಡೆ ಇಡಲಾಗದು. ಹಾಗೆ ಅರಳಿದ ಗೆಡ್ಡೆ ಮತ್ತೊಮ್ಮೆ ಹೂಬಿಡುವುದೆಂಬ ಆಶೆ ಬೇಡ: ಟ್ಯೂಲಿಪ್‌ನ ತಾಯಿಗೆಡ್ಡೆ ಪ್ರತಿವರ್ಷವೂ ಸವೆದು ಮರಿಗಳಾಗಿ ಒಡೆಯುವುದು, ನಮ್ಮ ಬಿಸಿಲಿನಲ್ಲಿ ಆ ಮರಿಗಳು ಹೂಬಿಡುವ ಗಾತ್ರಕ್ಕೆ ಬೆಳೆಯವು.

ದೊಡ್ಡ ಹೂವಿನ ಮೋಹವನ್ನು ಬಿಡಬಲ್ಲವರಿಗೆ ಇನ್ನೊಂದು ಮಾರ್ಗವುಂಟು. ಇರಾನಿನಿಂದ ಪಶ್ಚಿಮ ಹಿಮಾಲಯದವರೆಗೆ ಕಾಡಾಗಿ ಬೆಳೆಯುವ, ಕ್ಲೂಸಿಯಸ್‌ನ ಹೆಸರನ್ನೇ ಹೊತ್ತಿರುವ ಸಣ್ಣ ಟ್ಯೂಲಿಪ್ ಒಂದಿದೆ. ಬಿಳಿಯ ಎಸಳು, ಹೊರಗೆ ಗುಲಾಬಿಗೆಂಪಿನ ಪಟ್ಟೆ. ಗೆಡ್ಡೆ ಚಿಕ್ಕದು, ಬೇಡುವ ಚಳಿ ಇತರ ಟ್ಯೂಲಿಪ್‌ಗಳಿಗಿಂತ ಕಡಮೆ. ಚಳಿಗಾಲ ಸೌಮ್ಯವಾಗಿದ್ದು ಬೇಸಗೆ ಒಣಗಿರುವ ಊರುಗಳಲ್ಲಿ, ಬಿಸಿಲು ಬೀಳುವ ಮರಳುಮಣ್ಣಿನಲ್ಲಿ ಅದನ್ನೊಮ್ಮೆ ನೆಟ್ಟು ಬೇಸಗೆಯಲ್ಲಿ ನೀರು ಹನಿಸದೆ ಬಿಟ್ಟರೆ, ಎತ್ತಿಡುವ ಕಷ್ಟವಿಲ್ಲದೆ ವರ್ಷವರ್ಷವೂ ಬರುವುದು, ಪಕ್ಕಕ್ಕೆ ಹಬ್ಬಲೂಬಹುದು.