ಸೊಮಾಲಿಯಾದ ಶಾಂತಿಪಡೆ: ಸೈನಿಕರಿದ್ದಾರೆ, ದುಡ್ಡು ಕೊಡೋರು ಯಾರು?

ಶಾಂತಿಪಡೆ ಅಂದ ತಕ್ಷಣ ನಮಗೆ ನೆನಪಾಗೋದು ವಿಶ್ವಸಂಸ್ಥೆಯ ನೀಲಿ ಹೆಲ್ಮೆಟ್. ಆದರೆ ಸೊಮಾಲಿಯಾದಿಂದ ಆ ಪಡೆ 1995ರಲ್ಲೇ ಹೊರಟುಹೋಯಿತು. ಅದರಲ್ಲಿ ಭಾರತದ ಸೈನಿಕರೂ ದುಡಿದಿದ್ದರು. 2007ರಿಂದ ಅಲ್ಲಿ ನಿಂತಿರೋದು ಆಫ್ರಿಕನ್ ಒಕ್ಕೂಟದ ಪಡೆ. ಮೊದಲು ಬಂದದ್ದು ಉಗಾಂಡ. ಆಮೇಲೆ ಬುರುಂಡಿ, ಕೀನ್ಯಾ, ಇಥಿಯೋಪಿಯಾ, ಜಿಬೂಟಿ ಸೇರಿಕೊಂಡವು.

ಈ ಪಡೆಯಿಂದ ಏನೂ ಆಗಲಿಲ್ಲ ಅನ್ನೋದು ತಪ್ಪು. 2011ರ ಆಗಸ್ಟ್‌ನಲ್ಲಿ ಅಲ್-ಶಬಾಬ್ ರಾಜಧಾನಿ ಮೊಗದಿಶು ಬಿಟ್ಟು ಹಿಂದೆ ಸರಿಯಿತು. ಅದಕ್ಕೆ ಈ ಸೈನಿಕರು ಪ್ರಾಣ ತೆತ್ತಿದ್ದಾರೆ.

ಹಾಗಾದರೆ ತೊಡಕು ಎಲ್ಲಿ? ಸೈನಿಕರನ್ನು ಕೊಡೋದು ನೆರೆಹೊರೆಯ ದೇಶಗಳು. ಊಟ, ಇಂಧನ ಮುಟ್ಟಿಸೋದು ವಿಶ್ವಸಂಸ್ಥೆ. ಸೈನಿಕರ ಭತ್ಯೆಗೆ ವರ್ಷಗಟ್ಟಲೆ ದುಡ್ಡು ಕೊಟ್ಟಿದ್ದು ಯುರೋಪಿಯನ್ ಒಕ್ಕೂಟ. 2016ರಲ್ಲಿ ಅದು ಈ ನೆರವನ್ನು ಶೇ. 20ರಷ್ಟು ಕಡಿತ ಮಾಡಿತು. ಬೇರೆಯವರ ಬಜೆಟ್ ಮೇಲೆ ನಡೆಯೋ ಪ್ರಾಜೆಕ್ಟ್‌ನಲ್ಲಿ ಕೆಲಸ ಮಾಡಿದವರಿಗೆ ಈ ಕಥೆ ಹೊಸದಲ್ಲ. ವ್ಯತ್ಯಾಸ ಇಷ್ಟೇ: ನಮ್ಮಲ್ಲಿ ಡೆಡ್‌ಲೈನ್ ತಪ್ಪುತ್ತೆ, ಅಲ್ಲಿ ಊರುಗಳೇ ಕೈತಪ್ಪುತ್ತವೆ. ಅದೇ 2016ರ ಅಕ್ಟೋಬರ್‌ನಲ್ಲಿ, ಬೇರೆ ಕಾರಣಗಳೂ ಸೇರಿ, ಇಥಿಯೋಪಿಯಾದ ಸೈನಿಕರು ಟಿಯೆಗ್ಲೋ ಪಟ್ಟಣದಿಂದ ಹೊರಟರು. ಅವರ ಬೆನ್ನಿಗೇ ಅಲ್-ಶಬಾಬ್ ಒಳಗೆ ಬಂತು. ಸೈನಿಕರಿಗೆ ವಾಪಸ್ ಹೋಗೋಕೆ ಒಂದು ದೇಶವಿತ್ತು. ಆ ಊರಿನವರಿಗೆ?

ಇದಕ್ಕೆ ಪರಿಹಾರ ಅಂತ 2023ರ ಡಿಸೆಂಬರ್‌ನಲ್ಲಿ ಭದ್ರತಾ ಮಂಡಳಿ 2719ನೇ ನಿರ್ಣಯ ಅಂಗೀಕರಿಸಿತು. ಆಫ್ರಿಕನ್ ಒಕ್ಕೂಟದ ಪಡೆಗಳ ವಾರ್ಷಿಕ ವೆಚ್ಚದಲ್ಲಿ ಶೇ. 75ರವರೆಗೆ ವಿಶ್ವಸಂಸ್ಥೆಯ ಸದಸ್ಯ ದೇಶಗಳ ಕಡ್ಡಾಯ ವಂತಿಗೆಯಿಂದ ಕೊಡಬಹುದು. 'ಕೊಡಬಹುದು' ಅಷ್ಟೇ, 'ಕೊಡಲೇಬೇಕು' ಅಂತಿಲ್ಲ. ಪ್ರತಿ ಪಡೆಗೂ ಮಂಡಳಿ ಪ್ರತ್ಯೇಕವಾಗಿ ಒಪ್ಪಬೇಕು. ಸೊಮಾಲಿಯಾದಲ್ಲೇ ಮೊದಲು ಜಾರಿಯಾಗಲಿ ಅನ್ನೋ ಒತ್ತಾಯಕ್ಕೆ ಅಮೆರಿಕ ಒಪ್ಪಲಿಲ್ಲ. 2024ರ ಡಿಸೆಂಬರ್‌ನಲ್ಲಿ ಹೊಸ ಪಡೆಗೆ ಅನುಮತಿ ಕೊಡುವಾಗ 14 ದೇಶಗಳು ಪರ ನಿಂತವು, ಅಮೆರಿಕ ಮತದಾನದಿಂದ ದೂರ ಉಳಿಯಿತು.

ಅಮಿಸೋಮ್ 2022ರಲ್ಲಿ ಅಟ್ಮಿಸ್ ಆಯಿತು, 2025ರಲ್ಲಿ ಆಸೋಮ್ ಆಯಿತು. ಹೆಸರು ಮೂರು ಸಲ ಬಂತು, ಖಾಯಂ ದುಡ್ಡು ಒಂದು ಸಲವೂ ಬರಲಿಲ್ಲ.

ಮುಂದೆ ಶಾಂತಿಪಾಲನೆಯ ಹೊಣೆ ಹೆಚ್ಚು ಬೀಳೋದು ಇಂಥ ಪ್ರಾದೇಶಿಕ ಪಡೆಗಳ ಮೇಲೇ ಅಂತ ನನಗನ್ನಿಸುತ್ತೆ. ಅಕ್ಕಪಕ್ಕದ ದೇಶಗಳಿಗೆ ಸುಮ್ಮನಿರೋಕೆ ಆಗಲ್ಲ, ದೂರದವರಿಗೆ ಬರೋಕೆ ಮನಸ್ಸಿಲ್ಲ. ಹಾಗಾಗಿ ಇನ್ನೊಂದು ಪಡೆಯ ಘೋಷಣೆ ಕೇಳಿದಾಗ, ಸೈನಿಕರೆಷ್ಟು ಅನ್ನೋದರ ಜೊತೆಗೆ ಇನ್ನೂ ಎರಡು ಪ್ರಶ್ನೆ ಕೇಳಿ: ಮೂರನೇ ವರ್ಷದ ಸಂಬಳ ಯಾರದು? ಅವರು ಹೊರಟ ದಿನ ಠಾಣೆಯ ಕೀಲಿಕೈ ಯಾರ ಕೈಗೆ?