ಬಿಟ್ಟ ಕುಡಿತ ಮರಳಿ ಬರುವುದೇಕೆ?



ಜೇಕು ಹುಟ್ಟಿದ ಹೊಲವನ್ನು ನೀವೆಲ್ಲ ಬಲ್ಲಿರಿ. ಮೇಲಿನ ಹುಲ್ಲನ್ನು ಕಿತ್ತು ಹೊಲ ಹಸನಾಯಿತೆಂದುಕೊಂಡರೆ, ಒಂದು ಹದಮಳೆ ಬಿದ್ದ ಕೂಡಲೇ ನೆಲದೊಳಗಿನ ಗೆಡ್ಡೆ ಮತ್ತೆ ಚಿಗುರುತ್ತದೆ. ಕುಡಿತದ ಚಟವೂ ಇಂತಹುದೇ. ಬಿಟ್ಟವನು ಮತ್ತೆ ಕುಡಿದರೆ “ಅವನಿಗೆ ಮನಸ್ಸು ಗಟ್ಟಿಯಿಲ್ಲ” ಎಂದು ಹೇಳಿ ಕೈತೊಳೆದುಕೊಳ್ಳುತ್ತೇವೆ. ಅದರಿಂದ ಬೇರು ಎಲ್ಲಿದೆಯೆಂಬುದು ತಿಳಿಯುವುದಿಲ್ಲ.

ಮೊದಲು ದೇಹದ ಸಂಗತಿ. ಬಹುಕಾಲ ಹೆಚ್ಚಾಗಿ ಕುಡಿದವನ ಮಿದುಳು ಮದ್ಯಕ್ಕೆ ಹೊಂದಿಕೊಂಡಿರುತ್ತದೆ. ಒಮ್ಮೆಲೇ ನಿಲ್ಲಿಸಿದರೆ ಕೈನಡುಕ, ಬೆವರು, ನಿದ್ದೆಗೇಡು ಬರುತ್ತವೆ. ಕೆಲವರಿಗೆ ಮೊದಲ 2 ದಿನಗಳಲ್ಲಿ ಫಿಟ್ಸ್, ಆ ಬಳಿಕ ಭ್ರಮೆ, ಬಡಬಡಿಕೆ ಬಂದು ಪ್ರಾಣಕ್ಕೇ ಅಪಾಯವಾಗಬಹುದು. ಆದುದರಿಂದ ವೈದ್ಯರನ್ನು ಕಂಡೇ ಬಿಡಲು ಆರಂಭಿಸತಕ್ಕದ್ದು. ಒಂದೆರಡು ವಾರದಲ್ಲಿ ನಡುಕ ನಿಲ್ಲುತ್ತದೆ, ಮನೆಯವರು ಗುಣವಾಯಿತೆನ್ನುತ್ತಾರೆ. ಆದರೆ ನಿದ್ದೆಗೇಡು, ಸಿಡುಕು, ಬೇಸರಗಳು ತಿಂಗಳುಗಟ್ಟಲೆ ಉಳಿಯಬಹುದು. ಗೆಡ್ಡೆ ಇರುವುದು ಇಲ್ಲಿ.

ಅದಕ್ಕೆ ಮಳೆ ಯಾವುದು? ಮಿದುಳು ಕುಡಿತದೊಡನೆ ಜಾಗ, ಹೊತ್ತು, ಗೆಳೆಯರನ್ನೂ ನೆನಪಿಟ್ಟಿರುತ್ತದೆ. ಸಂತೆಯ ಸಂಜೆ, ಜಾತ್ರೆ, ಮದುವೆ, ಬೆಳೆ ಮಾರಿ ಬಂದ ಹಣ ಇವು ಆಸೆಯನ್ನು ತಟ್ಟಿ ಎಬ್ಬಿಸುತ್ತವೆ. ಸಾಲದ ಚಿಂತೆ, ಮನೆಯ ಜಗಳ, ಒಂಟಿತನಗಳೂ ಹಾಗೆಯೇ.

ಶಬರಿಮಲೆಗೆ ಮಾಲೆ ಹಾಕಿದವರನ್ನು ನೋಡಿರಿ. 41 ದಿನ ಮುಂಜಾನೆ ಸ್ನಾನ, ಸಂಜೆ ಭಜನೆ, ಜೊತೆಗೆ ವ್ರತ ಹಿಡಿದವರ ಗುಂಪು. ಊರೆಲ್ಲ “ಸ್ವಾಮಿ” ಎಂದು ಕರೆಯುತ್ತದೆ, ಯಾರೂ ಲೋಟ ಚಾಚುವುದಿಲ್ಲ. ಮಾಲೆ ತೆಗೆದ ಮೇಲೆ ಕೆಲವರು ಅದೇ ವಾರ ಕುಡಿಯುತ್ತಾರೆ. ಮನಸ್ಸು ಇದ್ದ ಹಾಗೆಯೇ ಇತ್ತು; ಸುತ್ತಲಿನ ಬೇಲಿ ಬಿದ್ದುಹೋಯಿತು.

ಇನ್ನೊಂದು ಮಾತು. ಒಂದು ಲೋಟ ಕುಡಿದವನು “ಆಣೆ ಮುರಿಯಿತು, ಇನ್ನೇನು” ಎಂದು ಬಾಟಲಿಯನ್ನೇ ಮುಗಿಸುತ್ತಾನೆ. ಬಿಟ್ಟು ಕೆಲಕಾಲವಾದ ದೇಹ ಹಳೆಯ ಪ್ರಮಾಣವನ್ನು ತಾಳಲಾರದು. ಇದು ಬಹಳ ಅಪಾಯ. ಒಂದು ಜೇಕು ಕಂಡಿತೆಂದು ಹೊಲವನ್ನು ಬೀಳು ಬಿಡುತ್ತೇವೆಯೇ?

ಮನೆಯವರೂ ಊರವರೂ ಮಾಡಬೇಕಾದುದು:

1. ಬೆಳೆಯ ಹಣ ನೇರವಾಗಿ ಬ್ಯಾಂಕಿಗೆ ಹೋಗಲಿ. ಮೊದಲ ವರ್ಷ ಸಂತೆಗೆ ಜೊತೆಗೊಬ್ಬರು ಹೋಗಿರಿ.

2. ಕುಡಿಯುತ್ತಿದ್ದ ಹೊತ್ತಿಗೆ ಬೇರೆ ಕೆಲಸವಿರಲಿ: ಡೇರಿಗೆ ಹಾಲು ಹಾಕುವುದು, ಭಜನೆ, ಮಕ್ಕಳ ಪಾಠ. ಊಟ ಹೊತ್ತಿಗೆ ಸರಿಯಾಗಿ ಆಗಲಿ.

3. ಮದುವೆ ಹಬ್ಬಗಳಲ್ಲಿ “ಒಂದೇ ಒಂದು” ಎಂದು ಒತ್ತಾಯಿಸಬೇಡಿರಿ.

4. ಆಸೆಯನ್ನು ತಗ್ಗಿಸುವ ನಾಲ್ಟ್ರೆಕ್ಸೋನ್ ಮುಂತಾದ ಔಷಧಿಗಳಿವೆ, ವೈದ್ಯರನ್ನು ಕೇಳಿರಿ. ಡೈಸಲ್ಫಿರಾಮ್ ಮಾತ್ರೆಯನ್ನು ಅವನಿಗೆ ತಿಳಿಯದಂತೆ ಸಾರಿನಲ್ಲಿ ಬೆರೆಸಲೇಬೇಡಿರಿ. ಅದರ ಮೇಲೆ ಕುಡಿದರೆ ಜೀವ ಹೋದೀತು.

5. ಜಾರಿದರೆ ಬೈದು ಹೊರದೂಡದೆ ಮರುದಿನವೇ ಜಿಲ್ಲಾ ಆಸ್ಪತ್ರೆಯ ಮನೋರೋಗ ವಿಭಾಗಕ್ಕೆ ಕರೆದೊಯ್ಯಿರಿ. 2022ರಲ್ಲಿ ಆರಂಭವಾದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲಿಯೇ ಉಚಿತ ಸಲಹೆ ದೊರೆಯುತ್ತದೆ. 1935ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಆಲ್ಕೊಹಾಲಿಕ್ಸ್ ಅನಾನಿಮಸ್ ಸಂಘದ ಸಭೆಗಳು ನಮ್ಮ ರಾಜ್ಯದಲ್ಲೂ ನಡೆಯುತ್ತವೆ. ಅಲ್ಲಿ ಕುಡಿತ ಬಿಟ್ಟವರೇ ಒಬ್ಬರಿಗೊಬ್ಬರು ಆಸರೆ, ಶುಲ್ಕವಿಲ್ಲ.

ಸುಗ್ಗಿಯ ಹಣ ಕೈಸೇರುವ ಮೊದಲೇ ಮನೆಮಂದಿಯೆಲ್ಲ ಕೂತು ಈ ಮಾತನ್ನು ಆಡಿಕೊಳ್ಳಿರಿ. ಬಿಟ್ಟವನನ್ನೂ ಜೊತೆಗೆ ಕೂರಿಸಿಕೊಳ್ಳಿರಿ. ತನಗೆ ಯಾವ ಹೊತ್ತು ಕಷ್ಟವೆಂಬುದನ್ನು ಅವನೇ ಚೆನ್ನಾಗಿ ಬಲ್ಲ.