ಬೇಸ್ ಪೆಟ್ಟಿಗೆ: ಕೊಳ್ಳುವ ಮುನ್ನ ತಟ್ಟಿ ನೋಡಿ

ಮಗನೋ ಮಗಳೋ ಗಿಟಾರ್ ಕಲಿಯುತ್ತೇನೆಂದರೆ ಈಗಿನ ತಂದೆ ತಾಯಂದಿರು ಬೆಚ್ಚಿ ಬೀಳುವುದಿಲ್ಲ. ಆದರೆ ಕಾಲೇಜಿನ ಬ್ಯಾಂಡಿನಲ್ಲಿ ಬೇಸ್ ಗಿಟಾರ್ ನುಡಿಸುವ ಪಾಲು ಅವರದಾಗಿ, 'ನನಗೊಂದು ಕ್ಯಾಬ್ ಬೇಕು' ಎಂಬ ಬೇಡಿಕೆ ಬಂದಾಗ ಮನೆಯಲ್ಲಿ ಸಣ್ಣದೊಂದು ಸಭೆ ಸೇರುತ್ತದೆ. ಕ್ಯಾಬ್ ಎಂದರೆ ಇಲ್ಲಿ ಬಾಡಿಗೆ ಕಾರಲ್ಲ. ಸ್ಪೀಕರ್ ಕೂರಿಸಿದ ಮರದ ಪೆಟ್ಟಿಗೆ, ಅಂದರೆ ಕ್ಯಾಬಿನೆಟ್. ಹೊಸದರ ಬೆಲೆ ಎಷ್ಟೋ ಸಲ ಗಿಟಾರಿನ ಬೆಲೆಯನ್ನೇ ಮೀರಿಸುತ್ತದೆ. ಆಗ ಉಳಿಯುವ ದಾರಿ, ಓದು ಮುಗಿಸಿ ಕೆಲಸಕ್ಕೆ ಸೇರಿದ ಹಿರಿಯ ವಿದ್ಯಾರ್ಥಿಯೋ, ನಿಂತುಹೋದ ಆರ್ಕೆಸ್ಟ್ರಾದವರೋ ಮಾರುವ ಹಳೆಯ ಪೆಟ್ಟಿಗೆ.

ಹಳೆಯದನ್ನು ಕೊಳ್ಳುವುದರಲ್ಲಿ ಅವಮಾನವೇನೂ ಇಲ್ಲ. ನನ್ನನ್ನು ಕೇಳಿದರೆ ಅದೇ ಜಾಣತನ. ಸ್ಪೀಕರ್ ಪೆಟ್ಟಿಗೆಯಲ್ಲಿ ಕೆಡುವ ಭಾಗಗಳು ನಾಲ್ಕೋ ಐದೋ ಅಷ್ಟೇ. ಅವನ್ನು ಪರೀಕ್ಷಿಸಲು ಹತ್ತನೆಯ ತರಗತಿಯ ಭೌತಶಾಸ್ತ್ರ ಸಾಕು. ಜೊತೆಗೆ ಒಂದು ಟಾರ್ಚ್, ಒಂದೂವರೆ ವೋಲ್ಟಿನ ಸೆಲ್, ಎರಡು ತುಂಡು ತಂತಿ, ಒಂದು ಮಲ್ಟಿಮೀಟರ್ ಇರಲಿ. ಪೆಟ್ಟಿಗೆಯ ಹಿಂದೆ ದೊಡ್ಡದಾಗಿ ಬರೆದ ವಾಟ್ ಸಂಖ್ಯೆಯನ್ನು ನಂಬಿ ಹಣ ಎಣಿಸಿಕೊಡುವವರೇ ಹೆಚ್ಚು. ಆ ಸಂಖ್ಯೆಯನ್ನು ಕೊನೆಗೆ ನೋಡಿದರೂ ನಡೆದೀತು.

ಮೊದಲು, ಈ ಪೆಟ್ಟಿಗೆ ಏಕಿಷ್ಟು ದೊಡ್ಡದು? ಬೇಸ್ ಗಿಟಾರಿನ ಅತ್ಯಂತ ದಪ್ಪ ತಂತಿಯನ್ನು ಮೀಟಿದರೆ ಅದು ಸೆಕೆಂಡಿಗೆ ಸುಮಾರು 41 ಬಾರಿ ಕಂಪಿಸುತ್ತದೆ. ಗಾಳಿಯಲ್ಲಿ ಶಬ್ದದ ವೇಗವನ್ನು ಈ ಸಂಖ್ಯೆಯಿಂದ ಭಾಗಿಸಿ ನೋಡಿ, ತರಂಗದೂರ ಎಂಟು ಮೀಟರಿಗೂ ಹೆಚ್ಚು ಬರುತ್ತದೆ. ನಮ್ಮ ಎಷ್ಟೋ ತರಗತಿ ಕೋಣೆಗಳಿಗಿಂತ ಉದ್ದದ ಅಲೆ! ಸಾಲದ್ದಕ್ಕೆ ನಮ್ಮ ಕಿವಿ ಮಂದ್ರ ಸ್ವರಗಳ ವಿಷಯದಲ್ಲಿ ಬಲು ಜಿಪುಣ. 1933ರಲ್ಲಿ ಫ್ಲೆಚರ್ ಮತ್ತು ಮನ್ಸನ್ ಎಂಬ ವಿಜ್ಞಾನಿಗಳು ಇದನ್ನು ಅಳೆದು ತೋರಿಸಿದರು. 1000 ಹರ್ಟ್ಸ್‌ನ ಸ್ವರವೊಂದು 40 ಡೆಸಿಬೆಲ್‌ನಲ್ಲಿ ಎಷ್ಟು ಗಟ್ಟಿಯಾಗಿ ಕೇಳಿಸುತ್ತದೋ ಅಷ್ಟೇ ಗಟ್ಟಿಯಾಗಿ 40 ಹರ್ಟ್ಸ್‌ನ ಸ್ವರ ಕೇಳಿಸಬೇಕಾದರೆ ಅದು 80 ಡೆಸಿಬೆಲ್ ದಾಟಬೇಕು. ಹೀಗಾಗಿ ಬೇಸ್ ನುಡಿಸುವವರಿಗೆ ಬಹಳಷ್ಟು ಗಾಳಿಯನ್ನು ತಳ್ಳುವ ಸಾಧನ ಬೇಕಾಗುತ್ತದೆ.

ಗಾಳಿಯನ್ನು ತಳ್ಳುವುದು ಸ್ಪೀಕರಿನ ಕಾಗದದ ಕೋನ್. ಅದು ಮುಂದೆ ನುಗ್ಗಿದಾಗ ಎದುರಿನ ಗಾಳಿ ಒತ್ತಲ್ಪಡುತ್ತದೆ, ಅದೇ ಗಳಿಗೆಯಲ್ಲಿ ಹಿಂದಿನ ಗಾಳಿ ತೆಳುವಾಗುತ್ತದೆ. ಪೆಟ್ಟಿಗೆ ಇಲ್ಲದಿದ್ದರೆ ಹಿಂದಿನ ಅಲೆ ಸುತ್ತಿ ಬಂದು ಮುಂದಿನ ಅಲೆಯನ್ನು ತಿಂದುಹಾಕುತ್ತದೆ. ಇದನ್ನು ಮನೆಯಲ್ಲೇ ನೋಡಬಹುದು. ಹಳೆಯ ರೇಡಿಯೋದಿಂದ ಬಿಚ್ಚಿದ ಸಣ್ಣ ಸ್ಪೀಕರಿನಲ್ಲಿ ಹಾಡು ಹಾಕಿ. ಸೊಳ್ಳೆ ಗುಂಯ್‌ಗುಟ್ಟಿದಂತೆ ಕೇಳಿಸುತ್ತದೆ. ದೊಡ್ಡ ರಟ್ಟೊಂದರಲ್ಲಿ ಸ್ಪೀಕರಿನಷ್ಟೇ ಅಗಲದ ತೂತು ಕೊರೆದು ಅದಕ್ಕೆ ಒತ್ತಿ ಹಿಡಿಯಿರಿ. ತಬಲದ ಎಡ ಆಗ ತಾನಾಗಿ ಎದ್ದು ಬರುತ್ತದೆ. ಆದ್ದರಿಂದ ಮರದ ಪೆಟ್ಟಿಗೆ ಕೇವಲ ಹೊದಿಕೆಯಲ್ಲ, ಅದು ವಾದ್ಯದ ಅರ್ಧ ಭಾಗ.

ಪೆಟ್ಟಿಗೆಗಳಲ್ಲಿ ಎರಡು ಜಾತಿ. ಪೂರ್ತಿ ಮುಚ್ಚಿದ್ದು ಒಂದು, ಮುಂದೆಯೋ ಹಿಂದೆಯೋ ಲೆಕ್ಕ ಹಾಕಿದ ಕಿಂಡಿ ಇಟ್ಟದ್ದು ಇನ್ನೊಂದು. ಖಾಲಿ ಸೀಸೆಯ ಬಾಯಿಗೆ ಊದಿದರೆ ಒಂದು ನಿರ್ದಿಷ್ಟ ಸ್ವರ ಬರುತ್ತದಲ್ಲ, ಕಿಂಡಿಯ ಪೆಟ್ಟಿಗೆ ದುಡಿಯುವುದು ಅದೇ ತತ್ತ್ವದ ಮೇಲೆ. ಸ್ಪೀಕರಿಗೂ ಕಿಂಡಿಗೂ ಹೊಂದಾಣಿಕೆ ಹೇಗಿರಬೇಕೆಂದು ಲೆಕ್ಕ ಕಟ್ಟಿಕೊಟ್ಟವರು ಆಸ್ಟ್ರೇಲಿಯದ ನೆವಿಲ್ ಥೀಲ್, 1961ರಲ್ಲಿ. ಎಪ್ಪತ್ತರ ದಶಕದ ಆರಂಭದಲ್ಲಿ ರಿಚರ್ಡ್ ಸ್ಮಾಲ್ ಅದನ್ನು ಬೆಳೆಸಿದರು. ಕೊಳ್ಳುವವರಿಗೆ ಇದರಿಂದ ಏನು? ಯಾರೋ ಚೆಂದಕ್ಕೆಂದು ಹೊಸದಾಗಿ ಕೊರೆದ ಕಿಂಡಿಯೋ, ಹಲಗೆ ಹೊಡೆದು ಮುಚ್ಚಿದ ಕಿಂಡಿಯೋ ಕಂಡರೆ ಆ ಪೆಟ್ಟಿಗೆ ಬೇಡ. ಹಿಂಭಾಗ ಅರ್ಧ ತೆರೆದಿದ್ದರೆ ಅದು ಬಹುತೇಕ ಮಾಮೂಲಿ ಆರು ತಂತಿಯ ಗಿಟಾರಿನ ಪೆಟ್ಟಿಗೆ. ಬೇಸ್ ನುಡಿಸಿದರೆ ಅದರ ಕೋನ್ ಹೆಚ್ಚು ಕಾಲ ಬಾಳದು.

ದೊಡ್ಡದೇ ಬೇಕೆಂಬ ಹಟವೂ ಅನಗತ್ಯ. ಲಿಯೊ ಫೆಂಡರ್ 1951ರಲ್ಲಿ ಪ್ರಿಸಿಷನ್ ಬೇಸ್ ಎಂಬ ವಿದ್ಯುತ್ ಬೇಸ್ ಗಿಟಾರನ್ನು ಮಾರುಕಟ್ಟೆಗೆ ತಂದ ಮೇಲೆ, ಅದಕ್ಕೆ ತಕ್ಕ ಪೆಟ್ಟಿಗೆಗಳೂ ಬೆಳೆಯುತ್ತ ಹೋದವು. ಅಮೆರಿಕದ ಆಂಪೆಗ್ ಕಂಪನಿ 1969ರಲ್ಲಿ ಹೊರತಂದ 300 ವಾಟ್‌ನ ಆಂಪ್ಲಿಫೈಯರ್ ಜೊತೆ ಹತ್ತು ಅಂಗುಲದ ಎಂಟು ಸ್ಪೀಕರಿನ ಪೆಟ್ಟಿಗೆ ಪ್ರಸಿದ್ಧವಾಯಿತು. ಅದರ ನಂತರದ ಮಾದರಿಯ ತೂಕ 63 ಕಿಲೋ, ಅಂದರೆ ಒಂದು ಮೂಟೆ ಸಿಮೆಂಟಿಗಿಂತ ಹೆಚ್ಚು! ತಮಾಷೆಯೆಂದರೆ ಈ ಭೀಮಕಾಯ ಕೂಡ ಪೂರ್ಣ ಬಲದಿಂದ ನುಡಿಸುವುದು 58 ಹರ್ಟ್ಸ್‌ವರೆಗೆ ಮಾತ್ರ ಎಂದು ಕಂಪನಿಯೇ ಬರೆದುಕೊಂಡಿದೆ. ಹಾಗಾದರೆ 41ರ ಆ ಸ್ವರ ಕೇಳುವುದು ಹೇಗೆ? ತಂತಿ 41ರ ಜೊತೆಗೆ 82, 123 ಹೀಗೆ ಗುಣಕಗಳನ್ನೂ ಹೊಮ್ಮಿಸುತ್ತದೆ. ಇವಿಷ್ಟನ್ನು ಕೇಳಿದ ಮಿದುಳು, ಬುಡದಲ್ಲಿರುವ 41ನ್ನು ತಾನೇ ತುಂಬಿಕೊಳ್ಳುತ್ತದೆ. ಅಂಗೈ ಅಗಲದ ರೇಡಿಯೋದಲ್ಲೂ ಗಂಡಸಿನ ಗಡಸು ದನಿ ಗಡಸಾಗಿಯೇ ಕೇಳಿಸುವುದು ಈ ಕಾರಣಕ್ಕೇ. ಮನೆಯ ಅಭ್ಯಾಸಕ್ಕೆ, ಕಾಲೇಜಿನ ಸಣ್ಣ ಸಭಾಂಗಣಕ್ಕೆ ಹನ್ನೆರಡು ಅಂಗುಲದ ಒಂದು ಸ್ಪೀಕರೋ ಹತ್ತು ಅಂಗುಲದ ಎರಡೋ ಇದ್ದರೆ ಸಾಕು. ಆಟೋದಲ್ಲಿ ಹಿಡಿಯುವ ಪೆಟ್ಟಿಗೆಯೇ ಒಳ್ಳೆಯ ಪೆಟ್ಟಿಗೆ.

ಇನ್ನು ಪರೀಕ್ಷೆ. ಹಗಲಿನಲ್ಲೇ ಹೋಗಿ. ಮುಂದಿನ ಜಾಲರಿಯನ್ನು ಬಿಚ್ಚಲು ಮಾರುವವರ ಒಪ್ಪಿಗೆ ಕೇಳಿ. ನಾಲ್ಕಾರು ಸ್ಕ್ರೂಗಳ ಕೆಲಸ. ಒಪ್ಪದಿದ್ದರೆ ನಮಸ್ಕಾರ ಹೇಳಿ ಬನ್ನಿ. ಟಾರ್ಚ್ ಬಿಟ್ಟು ಕೋನಿನ ಕಾಗದ ಹರಿದಿದೆಯೇ, ಅಂಚಿನ ಸುತ್ತುಪಟ್ಟಿ ಬಿರಿದಿದೆಯೇ ನೋಡಿ. ಬಟ್ಟೆಯ ಅಂಚು ದಶಕಗಳ ಕಾಲ ಬಾಳುತ್ತದೆ. ಸ್ಪಂಜಿನಂಥ ಫೋಮ್ ಅಂಚು ಬಳಸದೆ ಇಟ್ಟರೂ ಕಾಲಕ್ರಮದಲ್ಲಿ ಪುಡಿಯಾಗುತ್ತದೆ, ಬೆರಳಲ್ಲಿ ಮುಟ್ಟಿದರೆ ತಿಳಿಯುತ್ತದೆ. ಎರಡೂ ಕೈಗಳ ಬೆರಳುಗಳನ್ನು ಕೋನಿನ ಮೇಲೆ ಸಮನಾಗಿ ಹರಡಿ ಮೆಲ್ಲನೆ ಒತ್ತಿ ಬಿಡಿ. ಒಳಗೆ ಅಯಸ್ಕಾಂತದ ಕಿರಿದಾದ ಸಂದಿಯಲ್ಲಿ ತಂತಿಸುರುಳಿ ಚಲಿಸುತ್ತಿರುತ್ತದೆ. ಕರಕರ ಸದ್ದು ಬಂದರೆ ಸುರುಳಿ ಉಜ್ಜುತ್ತಿದೆ ಎಂದರ್ಥ. ಅತಿಯಾಗಿ ಕಾದು ಆಕಾರ ಕೆಟ್ಟಿರಬಹುದು. ಮೂಗನ್ನೂ ಬಳಸಿ. ಸುಟ್ಟ ವಾರ್ನಿಷ್ ವಾಸನೆ ಬೇಗ ಹೋಗುವುದಿಲ್ಲ. ಪೂರ್ತಿ ಮುಚ್ಚಿದ ಪೆಟ್ಟಿಗೆಯಲ್ಲಿ ಎರಡು ಸ್ಪೀಕರ್ ಒಂದೇ ಗೂಡಿನಲ್ಲಿದ್ದರೆ ಒಂದನ್ನು ಒತ್ತಿದಾಗ ಪಕ್ಕದ್ದು ಹೊರಕ್ಕೆ ಉಬ್ಬಬೇಕು. ಉಬ್ಬದಿದ್ದರೆ ಎಲ್ಲೋ ಗಾಳಿ ಸೋರುತ್ತಿದೆ.

ಮರಕ್ಕೂ ಪರೀಕ್ಷೆ ಇದೆ. ಕುಂಬಳಕಾಯಿ ಕೊಳ್ಳುವಾಗ ತಟ್ಟುವಂತೆ ನಾಲ್ಕೂ ಬದಿ ಗೆಣ್ಣಿನಿಂದ ತಟ್ಟಿ. ಗಟ್ಟಿ ಪ್ಲೈವುಡ್ 'ಟಕ್' ಎನ್ನುತ್ತದೆ. 'ದಬ್' ಎಂದು ಬಿರುಕು ದನಿ ಬಂದರೆ ಕೀಲು ಸಡಿಲ. ಮರದ ಪುಡಿ ಅಂಟಿಸಿದ ಹಲಗೆಯಾದರೆ ತಳದ ಅಂಚನ್ನು ಸವರಿ ನೋಡಿ. ನಮ್ಮ ಮಲೆನಾಡು, ಕರಾವಳಿಯ ಮಳೆಯಲ್ಲಿ ಅದು ನೀರು ಕುಡಿದು ಬ್ರೆಡ್ಡಿನಂತೆ ಊದಿಕೊಳ್ಳುತ್ತದೆ, ಮತ್ತೆ ಸರಿಯಾಗುವುದಿಲ್ಲ. ಗೆದ್ದಲಿನ ಮಣ್ಣುಗೆರೆ ಕಂಡರಂತೂ ಮನೆಯೊಳಗೆ ತರುವ ಮಾತೇ ಇಲ್ಲ.

ಈಗ ಮಲ್ಟಿಮೀಟರ್. ಅದರ ಎರಡು ಮೊನೆಗಳನ್ನು ಮೊದಲು ಪರಸ್ಪರ ತಾಗಿಸಿ, ಬಂದ ಅಂಕಿಯನ್ನು ನೆನಪಿಟ್ಟು ಕೊನೆಗೆ ಕಳೆಯಿರಿ. ಪೆಟ್ಟಿಗೆಗೆ ಕೇಬಲ್ ಸಿಕ್ಕಿಸಿ ಇನ್ನೊಂದು ತುದಿಯಲ್ಲಿ ರೋಧ ಅಳೆಯಿರಿ. 8 ಓಮ್ ಎಂದು ಬರೆದ ಪೆಟ್ಟಿಗೆ ಸುಮಾರು ಐದೂವರೆಯಿಂದ ಏಳು ಓಮ್ ತೋರಿಸುತ್ತದೆ. 4 ಓಮಿನದು ಮೂರು, ಮೂರೂವರೆಯ ಆಸುಪಾಸು. ಮೋಸವೇನಿಲ್ಲ. ಮಾಪಕ ಅಳೆಯುವುದು ತಂತಿಯ ಬರಿಯ ರೋಧವನ್ನು. ಪೆಟ್ಟಿಗೆಯ ಮೇಲೆ ಬರೆದಿರುವುದು, ಏರಿಳಿಯುವ ವಿದ್ಯುತ್ ಹರಿದಾಗ ಸುರುಳಿ ಒಟ್ಟಾರೆ ಒಡ್ಡುವ ಅಡ್ಡಿ, ಅಂದರೆ ಇಂಪೀಡೆನ್ಸ್.

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬ ನಾಲ್ಕು ಸ್ಪೀಕರಿನ, 8 ಓಮಿನ ಪೆಟ್ಟಿಗೆ ನೋಡಲು ಹೊರಟಾಗ ಲ್ಯಾಬಿನ ಮಲ್ಟಿಮೀಟರ್ ಕೇಳಿ ಒಯ್ದಿದ್ದ. ಅದು ತೋರಿಸಿದ್ದು 11.8. ಆ ಪೆಟ್ಟಿಗೆಯಲ್ಲಿ ಎರಡೆರಡು ಸ್ಪೀಕರುಗಳನ್ನು ಸರಣಿಯಲ್ಲಿಟ್ಟು, ಆ ಎರಡು ಜೋಡಿಗಳನ್ನು ಸಮಾಂತರವಾಗಿ ಸೇರಿಸಿದ್ದರು. ಪುಸ್ತಕದಲ್ಲಿ ಎಷ್ಟೋ ಸಲ ಬಿಡಿಸಿದ ಲೆಕ್ಕ! ಒಂದು ಜೋಡಿ ಪೂರ್ತಿ ಕಡಿದುಹೋದರೆ ಉಳಿದದ್ದು ಆರು ಮತ್ತು ಆರು, ಹನ್ನೆರಡು. ಎರಡು ಸ್ಪೀಕರ್ ಮೌನ, ಆದರೆ ಸತ್ತಿರುವುದು ಬಹುಶಃ ಒಂದೇ ಎಂದು ಹುಡುಗ ಊಹಿಸಿದ. ಒಂದೊಂದರ ತಂತಿ ಬಿಚ್ಚಿ ಒಂದೂವರೆ ವೋಲ್ಟಿನ ಸೆಲ್ಲನ್ನು ಕ್ಷಣಮಾತ್ರ ತಾಗಿಸಿದಾಗ ಮೂರು 'ಡಬ್' ಎಂದವು, ಒಂದು ಅಲುಗಲಿಲ್ಲ. ಮಾರುವವರಿಗೂ ಇದು ಗೊತ್ತಿರಲಿಲ್ಲವಂತೆ. ರಿಪೇರಿಯ ಖರ್ಚು ಕಳೆದು ಬೆಲೆ ಕುದುರಿತು.

ಅದೇ ಸೆಲ್ಲಿನಿಂದ ಇನ್ನೊಂದು ವಿಷಯವೂ ತಿಳಿಯುತ್ತದೆ. ಧನ ತುದಿಯನ್ನು ಧನ ಗುರುತಿಗೆ ತಾಗಿಸಿದಾಗ ಎಲ್ಲ ಕೋನುಗಳೂ ಒಂದೇ ಕಡೆಗೆ ನೆಗೆಯಬೇಕು. ಯಾರೋ ರಿಪೇರಿಯಲ್ಲಿ ಒಂದಕ್ಕೆ ತಂತಿ ಅದಲುಬದಲು ಮಾಡಿದ್ದರೆ ಒಂದು ತಳ್ಳುವಾಗ ಇನ್ನೊಂದು ಎಳೆಯುತ್ತದೆ, ಬೇಸ್ ಮಾಯವಾಗುತ್ತದೆ. ಇದು ರೋಗವಲ್ಲ, ಎರಡು ತಂತಿ ಬದಲಿಸಿದರೆ ಮುಗಿಯಿತು. ಸುಟ್ಟ ಸುರುಳಿಗೂ ಮದ್ದಿದೆ. ಅಯಸ್ಕಾಂತ ಉಳಿಸಿಕೊಂಡು ಹೊಸ ಕೋನ್, ಹೊಸ ಕಾಯಿಲ್ ಕೂರಿಸುವವರು ಮೈಕ್‌ಸೆಟ್ ರಿಪೇರಿ ಅಂಗಡಿಗಳಲ್ಲಿ ಸಿಗುತ್ತಾರೆ. ಮೊದಲಿನಷ್ಟೇ ತೂಕದ ಕೋನ್ ಹಾಕಿ ಎಂದು ಕೇಳಿಕೊಳ್ಳುವುದು ಮುಖ್ಯ.

ವಾಟ್ ಸಂಖ್ಯೆಗೆ ಈಗ ಬರೋಣ. ತೊಂಬತ್ತರ ದಶಕದ ಟೇಪ್‌ರೆಕಾರ್ಡರುಗಳ ಮೇಲೆ 'ಪಿಎಂಪಿಒ' ಎಂದು ಸಾವಿರದ ಲೆಕ್ಕದಲ್ಲಿ ವಾಟ್ ಅಚ್ಚಾಗಿರುತ್ತಿದ್ದುದು ಅಪ್ಪಂದಿರಿಗೆ ನೆನಪಿರಬಹುದು. ಪೆಟ್ಟಿಗೆಗಳಲ್ಲೂ 'ಪೀಕ್' ಎಂಬ ಅಂಕಿ ಹಾಗೆಯೇ. ಬಿಡದೆ ತಾಳಿಕೊಳ್ಳುವ ಆರ್‌ಎಂಎಸ್ ಅಂಕಿ ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಿ. ವಾಟ್ ಎರಡರಷ್ಟಾದರೆ ಹೆಚ್ಚುವುದು ಮೂರೇ ಡೆಸಿಬೆಲ್. ಕಿವಿಗೆ ಎರಡರಷ್ಟು ಗಟ್ಟಿ ಎನಿಸಬೇಕಾದರೆ ವಾಟ್ ಹತ್ತುಪಟ್ಟು ಆಗಬೇಕು. ಅದಕ್ಕಿಂತ ಅಪಾಯಕಾರಿ ಆಂಪ್ಲಿಫೈಯರಿನ 'ಬೇಸ್' ಗುಂಡಿ. ಅಷ್ಟೇ ಗಟ್ಟಿಯಾಗಿ ಒಂದು ಸಪ್ತಕ ಕೆಳಗೆ ನುಡಿಸಲು ಕೋನ್ ನಾಲ್ಕುಪಟ್ಟು ದೂರ ಚಲಿಸಬೇಕು. ಗುಂಡಿಯನ್ನು ಪೂರ್ತಿ ತಿರುಗಿಸಿದರೆ ವಾಟ್ ಮಿತಿಯೊಳಗಿದ್ದರೂ ಕೋನ್ ಹರಿಯಬಹುದು.

ಆಂಪ್ಲಿಫೈಯರಿಗೂ ಪೆಟ್ಟಿಗೆಗೂ ಓಮ್ ಹೊಂದಲೇಬೇಕು. 'ಕನಿಷ್ಠ 4 ಓಮ್' ಎಂದು ಬರೆದ ಆಂಪ್ಲಿಫೈಯರಿಗೆ 8ರ ಎರಡು ಪೆಟ್ಟಿಗೆ ಸಮಾಂತರವಾಗಿ ಹಾಕಬಹುದು, ಒಟ್ಟು 4 ಆಗುತ್ತದೆ. 4ರ ಎರಡು ಹಾಕಿದರೆ ಒಟ್ಟು 2; ವಿದ್ಯುತ್ ಪ್ರವಾಹ ಮಿತಿಮೀರಿ ಆಂಪ್ಲಿಫೈಯರ್ ಸುಡಬಹುದು. ವಾಲ್ವ್ ಆಂಪ್ಲಿಫೈಯರಾದರೆ ಪೆಟ್ಟಿಗೆ ಜೋಡಿಸದೆ ಚಾಲೂ ಮಾಡಲೇಬಾರದು. ಕೇಬಲ್ ಕೂಡ ಬೇರೆ. ಗಿಟಾರಿನಿಂದ ಬರುವ ತೆಳು ಕೇಬಲ್ಲೂ ಸ್ಪೀಕರ್ ಕೇಬಲ್ಲೂ ಹೊರಗಿನಿಂದ ಒಂದೇ ಥರ ಕಾಣುತ್ತವೆ. ಆದರೆ ಸ್ಪೀಕರಿಗೆ ಎರಡು ದಪ್ಪ ತಂತಿಗಳಿರುವ ಕೇಬಲ್ ಬೇಕು.

ಬರಿಯ ಪೆಟ್ಟಿಗೆಗೆ ಮನೆಯ ವಿದ್ಯುತ್ ಸಂಪರ್ಕವಿಲ್ಲ, ಶಾಕಿನ ಭಯವಿಲ್ಲ. ಭಯವಿರುವುದು ಆಂಪ್ಲಿಫೈಯರಿನದು. 'ಗುಂ' ಎಂಬ ಸದ್ದು ನಿಲ್ಲಿಸಲು ಪ್ಲಗ್ಗಿನ ದಪ್ಪ ಅರ್ಥ್ ಪಿನ್ನನ್ನೇ ಕಿತ್ತುಹಾಕುವ ಜಾಣರಿದ್ದಾರೆ. 1972ರಲ್ಲಿ ಬ್ರಿಟನ್ನಿನ ಸ್ವಾನ್ಸೀಯಲ್ಲಿ ಗಿಟಾರ್ ವಾದಕ ಲೆಸ್ಲಿ ಹಾರ್ವೆ ವೇದಿಕೆಯಲ್ಲಿ ಅರ್ಥ್ ಇಲ್ಲದ ಮೈಕ್ ಮುಟ್ಟಿ ಪ್ರಾಣ ಕಳೆದುಕೊಂಡರು. ಅಪ್ಪ ಅಮ್ಮ ಮನೆಯಲ್ಲಿ ಪರಿಶೀಲಿಸಬೇಕಾದ ಮೊದಲ ಸಂಗತಿ ಮೂರು ಪಿನ್ನಿನ ಪ್ಲಗ್ಗು ಮತ್ತು ನಿಜವಾಗಿ ಅರ್ಥ್ ಇರುವ ಸಾಕೆಟ್ಟು.

ಎರಡನೆಯದು ಕಿವಿ. 85 ಡೆಸಿಬೆಲ್ ಸದ್ದನ್ನು ದಿನಕ್ಕೆ ಎಂಟು ಗಂಟೆ ತಾಳಬಹುದೆಂಬುದು ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಲೆಕ್ಕ. ಪ್ರತಿ ಮೂರು ಡೆಸಿಬೆಲ್ ಏರಿಕೆಗೆ ಅವಧಿ ಅರ್ಧವಾಗುತ್ತದೆ. 100 ಡೆಸಿಬೆಲ್‌ಗೆ ಕಾಲು ಗಂಟೆ ಮಾತ್ರ. ಡ್ರಮ್ ಪಕ್ಕ ನಿಂತು ಅಭ್ಯಾಸ ಮಾಡುವವರು ಈ ಮಿತಿಯನ್ನು ಬೇಗನೆ ದಾಟುತ್ತಾರೆ. ಔಷಧದ ಅಂಗಡಿಯ ಕಿವಿಬಿರಡೆ ಧರಿಸಿದರೆ ಮರ್ಯಾದೆ ಕಡಿಮೆಯಾಗುವುದಿಲ್ಲ. ನೆರೆಹೊರೆಯವರ ಕಿವಿಯೂ ಇದೆ. ಗಣೇಶನ ಪೆಂಡಾಲಿನ ಹಾಡು ದೂರದ ಬೀದಿಗೆ ಬರಿಯ 'ದಮ್ ದಮ್' ಆಗಿ ಕೇಳುವುದನ್ನು ಗಮನಿಸಿದ್ದೀರಲ್ಲ? ತಾರ ಸ್ವರಗಳನ್ನು ಗೋಡೆ ತಡೆಯುತ್ತದೆ, ಮಂದ್ರವನ್ನು ಅಷ್ಟಾಗಿ ತಡೆಯದು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದ ಮಿತಿ ಹಗಲು 55, ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ 45 ಡೆಸಿಬೆಲ್. ರಾತ್ರಿಯ ಅಭ್ಯಾಸ ಹೆಡ್‌ಫೋನಿನಲ್ಲಿ, ಅದೂ ಮೆಲ್ಲಗೆ.

ಪೆಟ್ಟಿಗೆಯನ್ನು ಕೋಣೆಯ ಮೂಲೆಗೆ ಒತ್ತರಿಸಬೇಡಿ. ಎರಡು ಗೋಡೆ, ನೆಲ ಮೂರೂ ಸೇರಿ ಮಂದ್ರವನ್ನು ಉಬ್ಬಿಸಿ ಸ್ವರಗಳನ್ನು ಕಲಸಿಬಿಡುತ್ತವೆ. ಮುಂದಕ್ಕೆಳೆದು, ಗಟ್ಟಿಯಾದ ಸ್ಟೂಲಿನ ಮೇಲಿಟ್ಟು ಕೇಳಿ. ವಾಲ್ಯೂಮ್ ಹೆಚ್ಚಿಸದೆಯೇ ಒಂದೊಂದು ಸ್ವರವೂ ಬಿಡಿಯಾಗಿ ಕೇಳಿಸುತ್ತದೆ. ಮಳೆಗಾಲದಲ್ಲಿ ಎರಡು ಇಟ್ಟಿಗೆಗಳ ಮೇಲೆ ಎತ್ತರಿಸಿಟ್ಟು, ಹಳೆಯ ಹತ್ತಿ ಬಟ್ಟೆಯೋ ಪಂಚೆಯೋ ಹೊದಿಸಿದರೆ ಸಾಕು. ಪ್ಲಾಸ್ಟಿಕ್ ಬೇಡ, ಒಳಗೆ ಬೆವರುತ್ತದೆ.